ಒಣ ಪೈನ್ ಎಲೆಗಳ ಪ್ರತಿಫಲನ ಪ್ರತಿ ಸಲ ಬದಲಾಗುವುದೇಕೆ?

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಸಸ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಹಿಮಾಚಲ ಪ್ರದೇಶದಿಂದ ತಂದ ಚೀಡ್ ಪೈನ್ ಎಲೆಗಳನ್ನು ಒಣಗಿಸಿ, ಕಪ್ಪು ಕಾಗದದ ಮೇಲೆ ಹರಡಿ ಸ್ಪೆಕ್ಟ್ರೋಮೀಟರ್‌ನಲ್ಲಿ (ಬೆಳಕನ್ನು ತರಂಗಾಂತರವಾರು ಅಳೆಯುವ ಉಪಕರಣ) ಬೆಳಕಿನ ಪ್ರತಿಫಲನ ಅಳೆಯುತ್ತಿದ್ದೇನೆ. ಅವೇ ಎಲೆಗಳನ್ನು ಮತ್ತೆ ಹರಡಿದರೆ ಬೇರೆಯೇ ಅಂಕಿ ಬರುತ್ತದೆ. ಕಾರಣವೇನು? ಬದಲಿಗೆ ಇಲ್ಲಿಯ ಸರ್ವೆ ಮರದ ಎಲೆಗಳನ್ನು ಬಳಸಬಹುದೇ?

ಉತ್ತರ: ವ್ಯತ್ಯಾಸಕ್ಕೆ ಮುಖ್ಯ ಕಾರಣ ಎಲೆಗಳಲ್ಲ, ಅವುಗಳ ನಡುವಿನ ಸಂದಿ. ಚೀಡ್ ಎಲೆ ಗೇಣುದ್ದವಿದ್ದರೂ ಅದರ ಅಗಲ ಒಂದೆರಡು ಮಿಲಿಮೀಟರನ್ನು ಮೀರುವುದಿಲ್ಲ. ಹಾಗಾಗಿ ಒಂದೇ ಎಲೆ ಉಪಕರಣದ ಕಿಂಡಿಯನ್ನು ತುಂಬಲಾರದು, ಹಲವನ್ನು ಹರಡಿದಾಗ ಸಂದಿಯ ಪಾಲು ಪ್ರತಿ ಸಲವೂ ಬೇರೆಯಾಗುತ್ತದೆ. ಎಲೆಗಳು ಒಂದರ ಮೇಲೊಂದು ಬೀಳದಂತೆ ಒಂದೇ ಪದರದಲ್ಲಿ ಚೌಕಟ್ಟಿಗೆ ಅಂಟಿಸಿ, ಸ್ಕ್ಯಾನರ್‌ನಲ್ಲಿ ಚಿತ್ರ ತೆಗೆದು, ಸಂದಿಯ ಪಾಲನ್ನು ಲೆಕ್ಕ ಹಾಕಿರಿ. ಸಂದಿ ಶೇ 20ರಷ್ಟಿದ್ದು ಅಳತೆಯಲ್ಲಿ 0.32 ಬಂದರೆ, ಅದನ್ನು 0.80ರಿಂದ ಭಾಗಿಸಿದಾಗ ಸಿಗುವ 0.40 ಎಲೆಯ ನಿಜವಾದ ಪ್ರತಿಫಲನಕ್ಕೆ ಹತ್ತಿರವಾಗಿರುತ್ತದೆ.

ಈ ಲೆಕ್ಕ ಸರಿಹೋಗಬೇಕಾದರೆ ಹಿನ್ನೆಲೆ ಎಲ್ಲ ತರಂಗಾಂತರಗಳಲ್ಲೂ ಕಪ್ಪಾಗಿರಬೇಕು. ಕಣ್ಣಿಗೆ ಕಡುಕಪ್ಪಾಗಿ ಕಾಣುವ ಎಷ್ಟೋ ಕಾಗದಗಳು 700 ನ್ಯಾನೋಮೀಟರ್ ದಾಟಿದ ಮೇಲೆ, ಅಂದರೆ ಸಮೀಪ ಅವಕೆಂಪು ಭಾಗದಲ್ಲಿ, ಬೆಳಕನ್ನು ಧಾರಾಳವಾಗಿ ಹಿಂದಿರುಗಿಸುತ್ತವೆ. ಮೊದಲು ಬರಿಯ ಕಾಗದವನ್ನೇ ಅಳೆದು ನೋಡಿರಿ. ಅನುಮಾನ ಬಂದರೆ ಇಂಗಾಲದ ಮಸಿ ಬೆರೆತ ಕಪ್ಪು ಬಣ್ಣ ಬಳಿದ ಹಲಗೆಯನ್ನು ಬಳಸಿರಿ.

ಎಲೆಗಳನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿರಿ. ಶಾಖ ಹೆಚ್ಚಾದರೆ ಅವು ಕಂದುಬಣ್ಣಕ್ಕೆ ತಿರುಗುತ್ತವೆ. ಮಳೆಗಾಲದಲ್ಲಿ ಒಣಗಿದ ಎಲೆಯೂ ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುವುದರಿಂದ, ಅಳತೆಯವರೆಗೂ ಅವುಗಳನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡೆಸಿಕೇಟರ್ ಎಂಬ ಬಿಗಿಮುಚ್ಚಳದ ಪಾತ್ರೆಯಲ್ಲಿಡಿ. ಪ್ರತಿಫಲನದ ರೇಖೆಯಲ್ಲಿ 1450 ಮತ್ತು 1940 ನ್ಯಾನೋಮೀಟರ್‌ಗಳ ಬಳಿ ಆಳವಾದ ತಗ್ಗು ಕಂಡರೆ ನೀರು ಉಳಿದಿದೆ ಎಂದೇ ತಿಳಿಯಿರಿ. ಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳ ಗುರುತು ಸಿಗುವ 2100ರ ಆಸುಪಾಸಿನ ಭಾಗ ನೀರು ಹೋದ ಮೇಲೆಯೇ ಸ್ಪಷ್ಟವಾಗುತ್ತದೆ. ರಾಸಾಯನಿಕ ಅಂಶವೇ ನಿಮ್ಮ ಗುರಿಯಾಗಿದ್ದರೆ ಎಲೆಗಳನ್ನು ಪುಡಿ ಮಾಡಿ ಒಂದೇ ಜರಡಿಯಲ್ಲಿ ಸೋಸಿ ಅಳೆಯುವುದು ಲೇಸು, ಆದರೆ ಪುಡಿಯ ಅಂಕಿಯನ್ನು ಇಡೀ ಎಲೆಯ ಅಂಕಿಯೊಂದಿಗೆ ಹೋಲಿಸಬೇಡಿ.

ನಿಮ್ಮ ಊರಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಸಂಡೂರು ಕಡೆಯ ಅದಿರಿನ ಕೆಂಪು ದೂಳಿನಲ್ಲಿರುವ ಹೆಮಟೈಟ್ ಎಂಬ ಕಬ್ಬಿಣದ ಖನಿಜ ನೀಲಿ, ಹಸಿರು ಬೆಳಕನ್ನೂ 860 ನ್ಯಾನೋಮೀಟರ್ ಸುತ್ತಲಿನ ಕಿರಣಗಳನ್ನೂ ಹೀರುತ್ತದೆ. ಅದು ಅಳತೆಗಳನ್ನು ಹೋಲಿಸಲು ಬಳಸುವ ಬಿಳಿಯ ಉಲ್ಲೇಖ ಫಲಕದ ಮೇಲೆ ಕೂತರೆ ಎಲ್ಲ ಅಳತೆಗಳೂ ಕೆಡುತ್ತವೆ. ಕೆಲಸವಿಲ್ಲದಾಗ ಫಲಕವನ್ನು ಮುಚ್ಚಿಯೇ ಇಡಿ.

ಸರ್ವೆ ಪೈನ್‌ನಂತೆ ಶಂಕುಧಾರಿಯಲ್ಲ (ಹೂವಿಲ್ಲದೆ ಶಂಕುಗಳಲ್ಲಿ ಬೀಜ ಬಿಡುವ ಮರವಲ್ಲ), ಹೂ ಬಿಡುವ ಮರ. ಎಲೆಯಂತೆ ಕಾಣುವುದು ಅದರ ಹಸಿರು ಕಿರುರೆಂಬೆ, ನಿಜವಾದ ಎಲೆಗಳು ಗಿಣ್ಣುಗಳಲ್ಲಿರುವ ಸಣ್ಣ ಹುರುಪೆಗಳು. ಚೌಕಟ್ಟು ಕಟ್ಟುವುದನ್ನು ಕಲಿಯಲು ಅದನ್ನು ಧಾರಾಳವಾಗಿ ಬಳಸಬಹುದು, ಪೈನ್‌ನ ಫಲಿತಾಂಶಕ್ಕೆ ಬದಲಿಯಾಗಿ ಬಳಸಲಾಗದು.