ಗ್ಯಾಸ್ ಅಂತ ಗೊತ್ತಾಗುವುದೇ ಇಸಿಜಿ ಆದ ಮೇಲೆ

ಮಾವನ ಎದೆ ಉರಿಗೆ ರಾತ್ರಿ ಎಮರ್ಜೆನ್ಸಿಗೆ ಹೋದರೆ ಬರೀ ಗ್ಯಾಸ್ ಅಂದರು, ಜನ ಸಣ್ಣದಕ್ಕೆಲ್ಲ ಯಾಕೆ ಅಲ್ಲಿಗೆ ಓಡುತ್ತಾರೆ ಅಂತ ಕೇಳಿದ್ದೀರಿ. ನಮ್ಮ ಆಯಿಯದ್ದೂ (ಅಮ್ಮನದ್ದೂ) ಇದೇ ಕತೆ.

ಶಿರಸಿ ಹತ್ತಿರದ ಹಳ್ಳಿ ನಮ್ಮದು. ಅಡಿಕೆ ಗೊನೆ ಕೊಯ್ಯುವ ಸಮಯ, ಮನೆ ತುಂಬ ಅಡಿಕೆ ಸುಲಿಯುವವರು. ಆಯಿಗೆ ಬೆಳಿಗ್ಗೆಯಿಂದಲೇ ಎದೆ ಉರಿ. ಅಷ್ಟು ಜನಕ್ಕೆ ಚಹಾ, ಊಟ ಬಿಟ್ಟು ಅವಳು ಆಸ್ಪತ್ರೆಯ ಓಪಿಡಿಗೆ (ಹೊರರೋಗಿ ವಿಭಾಗಕ್ಕೆ) ಹೋಗುತ್ತಾಳಾ? ಕೆಲಸ ಮುಗಿಯುವಷ್ಟರಲ್ಲಿ ಓಪಿಡಿ ಬಾಗಿಲು ಹಾಕಿತ್ತು. ರಾತ್ರಿ ಬೆವರು ಬರ್ತಿದೆ ಅಂದಳು. ಪಕ್ಕದ ಮನೆಯ ಓಮ್ನಿ ಹತ್ತಿಸಿ ಎಮರ್ಜೆನ್ಸಿಗೆ ಒಯ್ದೆ.

ಇಸಿಜಿ ಸರಿ ಇತ್ತು. ‘ಯಾವ ಮಾತ್ರೆ ತಗೋತಾರೆ?’ ಅಂದರು ಡಾಕ್ಟರು. ಬಿಪಿದು ಅಂದೆ. ‘ಹೆಸರು?’ ಸಣ್ಣದು, ಬಿಳಿ ಬಣ್ಣ! ಅವರು ನನ್ನ ಮುಖ ನೋಡಿದರು. ಮಾತ್ರೆ ಡಬ್ಬಿ ಮನೆಯಲ್ಲಿ ಫ್ರಿಜ್ ಮೇಲಿತ್ತು. ಅದರಲ್ಲಿ ಬಿಪಿ ಮಾತ್ರೆಯ ಜೊತೆ ಇನ್ನೊಂದು ಶೀಟ್. ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದದ್ದು. ಚೀಟಿ ಇಲ್ಲ, ಏನಿಲ್ಲ. ಖಾಲಿ ಹೊಟ್ಟೆಗೆ ಅದನ್ನು ನುಂಗಿ ಅಡಿಗೆಗೆ ಇಳಿಯುವುದು ಅವಳ ರೂಢಿ. ಕೆಲವು ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು. ನಾನು ಆ ಡಬ್ಬಿ ಒಯ್ದಿದ್ದರೆ ಮಾತು ಹೊಟ್ಟೆಯ ಕಡೆಗೂ ಹೋಗುತ್ತಿತ್ತು. ಒಂದೇ ಇಸಿಜಿ ನಂಬಿ ಮನೆಗೆ ಕಳಿಸಲು ಅವರಿಗೂ ಧೈರ್ಯ ಬರಲಿಲ್ಲ, ಹುಬ್ಬಳ್ಳಿಗೆ ಬರೆದುಕೊಟ್ಟರು. ಬಾಡಿಗೆ ಆಂಬುಲೆನ್ಸ್, ನೂರು ಕಿಲೋಮೀಟರ್ ಆಸುಪಾಸು ದಾರಿ, ಮತ್ತೆ ಇಸಿಜಿ, ರಕ್ತ ಪರೀಕ್ಷೆ. ಬೆಳಿಗ್ಗೆ ಅಲ್ಲಿನ ಡಾಕ್ಟರು ‘ಅಮ್ಮಾ, ಮಂಡಿ ನೋವಿದೆಯಾ?’ ಅಂದಾಗ ಆಯಿ ಎಲ್ಲ ಹೇಳಿದಳು. ನನ್ನ ಹತ್ತಿರ ಒಂದು ಮಾತೂ ಹೇಳಿರಲಿಲ್ಲ!

ಆದರೆ ಹೋಗಿದ್ದೇ ತಪ್ಪು ಅಂದರೆ ನಾನು ಒಪ್ಪುವುದಿಲ್ಲ. ಗ್ಯಾಸೋ ಹಾರ್ಟೋ ಅಂತ ಮನೆಯಲ್ಲಿ ಕೂತು ಹೇಳುವುದು ಯಾರು? ಹೆಂಗಸರಿಗೆ, ಶುಗರ್ ಇದ್ದವರಿಗೆ ಹಾರ್ಟ್ ಅಟ್ಯಾಕ್ ಬರೀ ಉರಿ, ವಾಕರಿಕೆ, ಸುಸ್ತಾಗಿಯೂ ಬರಬಹುದು. ಮೇಲಿಂದ ನಮ್ಮದು ಉತ್ತರ ಕನ್ನಡ ಜಿಲ್ಲೆ. ದೊಡ್ಡದೇನಾದರೂ ಆದರೆ ಜಿಲ್ಲೆಯ ಹೊರಗೇ ಓಡಬೇಕು: ಮಣಿಪಾಲ, ಹುಬ್ಬಳ್ಳಿ, ಕಾರವಾರದವರಿಗೆ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ಜನ ಸತ್ತರಲ್ಲ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯೇ ಕೂಗಿತು. ಇದನ್ನೆಲ್ಲ ನೋಡಿದವರು ಬೆಳಗಿನ ತನಕ ಕಾಯುತ್ತಾರಾ? ಎಮರ್ಜೆನ್ಸಿ ರಶ್ ಇಳಿಯಬೇಕಾದರೆ ರಾತ್ರಿ ಎಂಟರ ತನಕ ಓಪಿಡಿ ತೆಗೆದಿಡಲಿ. ಜನಕ್ಕೆ ಸುಮ್ನೆ ಬೈಯುವುದು ಬೇಡ.

ನಿಮ್ಮ ಮಾವನಿಗೂ ಬುದ್ಧಿ ಹೇಳಬೇಡಿ. ಅವರ ಮಾತ್ರೆ ಶೀಟುಗಳ ಫೋಟೋ ಇವತ್ತೇ ತೆಗೆದು ಮನೆಯವರೆಲ್ಲರ ಫೋನಿಗೆ ಹಾಕಿ. ಅಂಗಡಿಯಿಂದ ಕೇಳಿ ತಂದದ್ದೂ ಬಿಡಬೇಡಿ. ಕೆಮ್ಮು, ತುರಿಕೆ ಬೆಳಗಿನ ತನಕ ಕಾಯುತ್ತವೆ. ಎದೆ ನೋವು, ಎದೆ ಉರಿ ಅಂದರೆ ಮಾತ್ರ ಕಾಯದೆ 108ಕ್ಕೆ ಫೋನ್ ಮಾಡಿ.