ಮೀನಿನ ಜೊತೆ ರೆಡ್ ವೈನ್ ಯಾಕೆ ಹೊಂದುವುದಿಲ್ಲ?

ಮುಖ್ಯ ಕಾರಣ ವೈನ್‌ನಲ್ಲಿರುವ ಕಬ್ಬಿಣದ ಅಂಶ. ಅದು ಮೀನಿನ ಕೊಬ್ಬಿನ ಜೊತೆ ಸೇರಿದರೆ ಬಾಯಲ್ಲಿ ಹಸಿ ಮೀನಿನ ನಾತ ಏಳುತ್ತದೆ. ನುಂಗಿದ ಮೇಲೂ ಅದು ಬಿಡುವುದಿಲ್ಲ.

ಮೀನಿನ ಕೊಬ್ಬು ಬಲು ಬೇಗ ಕೆಡುವಂಥದ್ದು. ಸುಮ್ನೆ ಗಾಳಿ ತಾಗಿದರೂ ನಿಧಾನವಾಗಿ ಕಮಟು ಹಿಡಿಯುತ್ತದೆ. ಕಬ್ಬಿಣ ಸೇರಿದರೆ ಅದೇ ಕೆಲಸ ಬಾಯಲ್ಲಿರುವಾಗಲೇ ಆಗಿಬಿಡುತ್ತದೆ. 2009ರಲ್ಲಿ ಜಪಾನಿನ ಸಂಶೋಧಕರು ಸ್ಕ್ಯಾಲಪ್ ಎಂಬ ಕಡಲ ಚಿಪ್ಪುಜೀವಿಯ ಒಣಗಿಸಿದ ಮಾಂಸವನ್ನು ವೈನ್‌ನಲ್ಲಿ ನೆನೆಸಿ ಪರೀಕ್ಷಿಸಿದರು. ಕಬ್ಬಿಣ ಜಾಸ್ತಿ ಇದ್ದಲ್ಲಿ ನಾತವೂ ಜಾಸ್ತಿ. ಆ ಕಬ್ಬಿಣ ಕೆಲಸ ಮಾಡದಂತೆ ಬೇರೊಂದು ವಸ್ತು ಹಾಕಿ ಕಟ್ಟಿಹಾಕಿದಾಗ ನಾತ ಇಳಿಯಿತು. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು!

ಅಂದರೆ ತಪ್ಪು ಬಣ್ಣದ್ದಲ್ಲ. ಕಬ್ಬಿಣ ಕಡಿಮೆ ಇರುವ ರೆಡ್ ವೈನ್ ಮೀನಿನ ಜೊತೆ ಚೆನ್ನಾಗೇ ಹೋಗುತ್ತದೆ. ಆದರೆ ಬಾಟಲಿಯ ಮೇಲೆ ಕಬ್ಬಿಣ ಎಷ್ಟಿದೆ ಅಂತ ಬರೆದಿರುವುದಿಲ್ಲ, ಅಲ್ವಾ? ಹಾಗಾಗಿ ವೈಟ್ ವೈನೇ ವಾಸಿ. ಅದರಲ್ಲಿ ಸಾಮಾನ್ಯವಾಗಿ ಕಬ್ಬಿಣ ಕಡಿಮೆ. ಜೊತೆಗೆ ಅದರ ಹುಳಿ, ನಿಂಬೆರಸ ಹಿಂಡಿದ ಹಾಗೆ ಮೀನಿನ ರುಚಿಯನ್ನು ಎತ್ತಿಕೊಡುತ್ತದೆ. ರೆಡ್ಡೇ ಬೇಕು ಅಂದರೆ ಪಿನೋ ನ್ವಾರ್‌ನಂಥ ಒಗರು ಕಡಿಮೆ ಇರುವ ಹಗುರ ವೈನ್ ಆರಿಸಿ, ಟ್ಯೂನಾದಂಥ ದಪ್ಪ ಮಾಂಸದ ಮೀನಿನ ಜೊತೆ ಕುಡಿದು ನೋಡಿ.