ಲೋಕಲ್ ರೈಲಿನಲ್ಲಿ ಸಾಕ್ಷಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಪ್ರಭಾಕರ್ ಧಾರವಾಡದ ಕಡೆಯವರು, ಕ್ರೈಸ್ತರು. ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಆಫೀಸು ಮುಂಬೈನ ಫೋರ್ಟಿನಲ್ಲಿ. ಲೋಕಲ್ ರೈಲಿನಲ್ಲಿ ಒಂದು ಗಂಟೆಗೂ ಜಾಸ್ತಿ ಪ್ರಯಾಣ. ದಿನಾ ಅದೇ ಡಬ್ಬಿ, ಅದೇ ಗೆಳೆಯರು, ಅವರ ಭಜನೆ.

"ಮೊದಲೆಲ್ಲ ಠಾಣೆ ಬಂದ ಕೂಡಲೇ ಯಾರಾದರೂ ಎದ್ದು ನನಗೆ ಸೀಟು ಬಿಡ್ತಿದ್ರು. ಈಗ ನನ್ನ ಕಡೆ ನೋಡೋದೇ ಇಲ್ರೀ" ಎಂದರು.

ಸಮಯ ವ್ಯರ್ಥ ಮಾಡಬಾರದು ಎಂಬ ಬೋಧನೆಯನ್ನು ಚರ್ಚಿನಲ್ಲಿ ಕೇಳಿದ ಮೇಲೆ, ರೈಲಿನಲ್ಲಿ ಯೇಸುವಿನ ಬಗ್ಗೆ ಹೇಳದೆ, ಅಂದರೆ ಸಾಕ್ಷಿ ಕೊಡದೆ, ಸುಮ್ನೆ ಕೂತರೆ ಪಾಪ ಅನ್ನಿಸತೊಡಗಿತ್ತಂತೆ. ಭಜನೆ ಮುಗಿಯುವ ಮೊದಲೇ ವಾದ. ರಾತ್ರಿಯೆಲ್ಲ ವಾಟ್ಸಾಪ್‌ನಲ್ಲಿ ಬೈಬಲ್ ವಚನಗಳು. ತಾಯಿಯನ್ನು ಕಳೆದುಕೊಂಡ ಗೆಳೆಯನ ಮನೆಗೂ ಹೋಗಿದ್ದರು. ಅಮ್ಮ ಕೊನೆಯ ದಿನ ಗಂಜಿ ಕೇಳಿದ್ದನ್ನು ಅವನು ಹೇಳುತ್ತಿದ್ದ. ಇವರು ನಡುವೆ ಬಾಯಿಹಾಕಿ ರಕ್ಷಣೆಯ, ಅಂದರೆ ಯೇಸುವಿನಿಂದ ಪಾಪದ ಬಿಡುಗಡೆಯ, ಮಾತು ತೆಗೆದರು. ಅವನು ಎದ್ದು ಒಳಗೆ ಹೋದ.

ಇವರ ಪ್ರೀತಿ ನಿಜವಾದದ್ದು. ಆದರೆ ಮಾತಾಡಿಸುತ್ತಿದ್ದದ್ದು ಭಯ. ಮಾತಾಡದಿದ್ದರೆ ದೇವರಿಗೆ ಲೆಕ್ಕ ಕೊಡಬೇಕಲ್ಲ ಎಂಬ ಭಯ.

ನಾವಿಬ್ಬರೂ ಬೈಬಲಿನಲ್ಲಿ ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದ ಪತ್ರದ 4ನೇ ಅಧ್ಯಾಯ ತೆಗೆದೆವು. ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ಸೆರೆಯಲ್ಲಿದ್ದು ಬರೆದದ್ದು. ಅವನಿಗೂ ಅವಸರ ಇರಬಹುದಿತ್ತು, ಅಲ್ವಾ? ಆದರೂ ದೇವರೇ ಮಾತಿಗೆ ಬಾಗಿಲು ತೆರೆಯಲಿ ಎಂದು ಪ್ರಾರ್ಥಿಸಿ ಅನ್ನುತ್ತಾನೆ. ಸಮಯವನ್ನು ಚೆನ್ನಾಗಿ ಬಳಸಿ ಎಂದವನೇ, ಮರುವಚನದಲ್ಲಿ ಮಾತು ಹಿತವಾಗಿರಲಿ, ಒಬ್ಬೊಬ್ಬರಿಗೆ ಹೇಗೆ ಉತ್ತರ ಕೊಡಬೇಕೋ ತಿಳಿದಿರಲಿ ಎನ್ನುತ್ತಾನೆ. ಉತ್ತರ ಕೊಡಬೇಕಾದರೆ ಎದುರಿನವರ ಮಾತು ಕಿವಿಗೆ ಬಿದ್ದಿರಬೇಕು. ಪ್ರಭಾಕರ್ ಈ ಸಾಲಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತರು.

ವಾಟ್ಸಾಪ್ ವಚನಗಳನ್ನು ನಿಲ್ಲಿಸಿ ಎಂದೆ. ಭಜನೆಯಲ್ಲಿ ನೀವು ಹಾಡಬೇಕಿಲ್ಲ, ಅದನ್ನು ಹಳಿಯಲೂ ಬೇಡಿ. ಯಾಕೆ ಹಾಡಲ್ಲ ಎಂದು ಯಾರಾದರೂ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿ, ಯೇಸುವಿನ ಹೆಸರು ಹೇಳಲು ಹಿಂಜರಿಯಬೇಡಿ. ನಿಂತ ಹೊತ್ತಿನಲ್ಲಿ ಒಬ್ಬೊಬ್ಬ ಗೆಳೆಯನ ಹೆಸರು ಹಿಡಿದು ಮನಸ್ಸಿನಲ್ಲೇ ಪ್ರಾರ್ಥಿಸಿ. ಅದೂ ಸಮಯದ ಸದುಪಯೋಗವೇ. ಎಲ್ಲಕ್ಕಿಂತ ಮೊದಲು ಆ ಗೆಳೆಯನ ಮನೆಗೆ ಹೋಗಿ ಕ್ಷಮೆ ಕೇಳಿ, ಅವನ ಅಮ್ಮನ ಬಗ್ಗೆ ಕೇಳಿ.

"ಹೋದಾಗ ಒಂದು ವಚನ ಹೇಳಲಾ?" ಎಂದರು.

ಈ ಸಲ ಬೇಡ ಎಂದೆ. ಹೇಳಿದರೆ ಕ್ಷಮೆ ಕೇಳಿದ್ದೂ ಒಂದು ನೆಪವಾಗುತ್ತದೆ.

ಭಾನುವಾರ ಆರಾಧನೆ ಮುಗಿಸಿ ಹೋಗಿ ಬಂದರು. ಗೆಳೆಯ ಚಹಾ ಕೊಟ್ಟು, ಅಮ್ಮನ ಫೋಟೋಗಳನ್ನು ತೋರಿಸಿದನಂತೆ. ಉಳಿದವರು ಇನ್ನೂ ದೂರವೇ ಇದ್ದಾರೆ. ಅವರ ಬೆನ್ನು ಹತ್ತಬೇಡಿ ಎಂದಿದ್ದೇನೆ. ಆ ಲೆಕ್ಕದ ಭಯ ಮಾತ್ರ ಹೋಗಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಎತ್ತಿಕೊಳ್ಳುತ್ತೇವೆ.